ಕೋಳಿಮನೆಯಲ್ಲಿ ಸಾವು ಕಾಣಿಸಿದಾಗ

2025ರ ಫೆಬ್ರುವರಿಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯ ಮನೆಗಳಲ್ಲಿ ಸಾಕಿದ್ದ ಕೋಳಿಗಳು ಒಂದರ ಹಿಂದೊಂದು ಸತ್ತವು. ಮಾದರಿಗಳನ್ನು ದೂರದ ಭೋಪಾಲದ ರಾಷ್ಟ್ರೀಯ ಪ್ರಯೋಗಾಲಯಕ್ಕೆ ಕಳುಹಿಸಿ ಪರೀಕ್ಷಿಸಲಾಗಿ, ಅದು ಹಕ್ಕಿಜ್ವರವೆಂದು ತಿಳಿದುಬಂದಿತು.

ಕೋಳಿ ಸತ್ತರೆ ಅಷ್ಟು ದೂರದ ಪರೀಕ್ಷೆಯೇಕೆ? ಕೋಳಿಗಳ ಸಾಮೂಹಿಕ ಸಾವು ನಮ್ಮ ರೈತರಿಗೆ ಹೊಸದಲ್ಲ. ಕೊಕ್ಕರೆ ರೋಗವನ್ನು ಅವರು ಬಹುಕಾಲದಿಂದ ಬಲ್ಲರು. ತೊಡಕಿರುವುದೂ ಇಲ್ಲಿಯೇ. ಶಾಸ್ತ್ರಜ್ಞರು ರಾಣಿಖೇತ್ ಎಂದು ಕರೆಯುವ ಈ ರೋಗದಲ್ಲಿ ಕೋಳಿ ತೇಕುತ್ತದೆ, ಹಸುರಾಗಿ ಹಿಕ್ಕೆ ಹಾಕುತ್ತದೆ, ಕತ್ತು ತಿರುಚಿಕೊಳ್ಳುತ್ತದೆ. ಹಕ್ಕಿಜ್ವರದಲ್ಲಿ ತಲೆ ಊದಿ ಜುಟ್ಟು ನೀಲಿಗಟ್ಟುವುದುಂಟು; ಆದರೆ ಮೇಲಿನ ಲಕ್ಷಣಗಳೂ ಕಾಣಬಹುದು, ಯಾವ ಲಕ್ಷಣವೂ ಇಲ್ಲದೆ ಹಕ್ಕಿ ಸಾಯಲೂಬಹುದು. ಬರಿಗಣ್ಣಿನ ನಿರ್ಣಯಕ್ಕೆ ಇಲ್ಲಿ ಬೆಲೆಯಿಲ್ಲ.

ಎರಡಕ್ಕೂ ಔಷಧವಿಲ್ಲ. ಕೊಕ್ಕರೆ ರೋಗ ಬಾರದಂತೆ ಮರಿಯ ಮೊದಲ ವಾರದಲ್ಲಿಯೇ ಕಣ್ಣಿಗೆ ಲಸಿಕೆಯ ಹನಿ ಹಾಕಬಹುದು. ಹಕ್ಕಿಜ್ವರವಾದರೋ ಮನುಷ್ಯನಿಗೂ ಅಂಟಬಲ್ಲುದು. ಅದರ ಉಗ್ರರೂಪವಾದ ಎಚ್5ಎನ್1ನ್ನು ಹಕ್ಕಿಗಳನ್ನು ಕೊಂದೇ ತಡೆಯುವುದು ನಮ್ಮ ದೇಶದ ಕ್ರಮ: ಸೋಂಕಿನ ಸ್ಥಳದ ಸುತ್ತ 1 ಕಿಲೋಮೀಟರಿನೊಳಗೆ ಸಂಹಾರ, 10 ಕಿಲೋಮೀಟರಿನವರೆಗೆ ಕಾವಲು. 2012ರಲ್ಲಿ ಬೆಂಗಳೂರಿನ ಬಳಿಯ ಹೆಸರಘಟ್ಟದ ಸರ್ಕಾರಿ ಕೋಳಿಸಾಕಣೆ ಕೇಂದ್ರದಲ್ಲಿ ಟರ್ಕಿ ಕೋಳಿಗಳಿಗೆ ಈ ರೋಗ ತಗುಲಿದಾಗ ಸಾವಿರಾರು ಹಕ್ಕಿಗಳನ್ನು ಬಲಿಗೊಡಬೇಕಾಯಿತು.

ಆದ್ದರಿಂದ ಪರೀಕ್ಷೆಯ ಉತ್ತರ ಬರುವವರೆಗಿನ ದಿನಗಳೇ ಮುಖ್ಯವಾದುವು. ಉಳಿದ ಕೋಳಿಗಳನ್ನು ಸಿಕ್ಕ ಬೆಲೆಗೆ ಮಾರಿಬಿಡಬೇಕೆಂದು ಯಾರಿಗಾದರೂ ಅನ್ನಿಸೀತು. ಬಡವನ ಆ ಆತುರವನ್ನು ಹಳಿಯುವುದು ಸುಲಭ. ಆದರೆ ನೋಡಲು ಆರೋಗ್ಯವಾಗಿರುವ ಕೋಳಿಯೂ ವಿಷಾಣುವನ್ನು ಹೊತ್ತಿರಬಹುದು. ಗೌರಿಬಿದನೂರಿನ ಕಡೆಗೋ ಚಿಂತಾಮಣಿಯ ಕಡೆಗೋ ಹೋದ ಒಂದೇ ಬುಟ್ಟಿ ಹತ್ತು ಊರುಗಳಿಗೆ ರೋಗವನ್ನು ಹಂಚೀತು. ಹಿಕ್ಕೆ ಮೆತ್ತಿದ ಪಾದರಕ್ಷೆ, ಮೊಟ್ಟೆಯ ತಟ್ಟೆ, ಗಾಡಿಯ ಚಕ್ರ, ಇವೂ ಸಾಕು. ಸತ್ತ ಹಕ್ಕಿಯನ್ನು ಕುತೂಹಲಕ್ಕಾಗಿ ಕೊಯ್ದು ನೋಡುವುದಂತೂ ಸಲ್ಲದು. ಕೆರೆಗೆ ಎಸೆಯುವುದು ಇನ್ನೂ ಕೆಟ್ಟದ್ದು.

ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನಿಗೆ ಈ ಶಿಸ್ತನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಅವನು ಹುಳುಮನೆಯನ್ನು ಬ್ಲೀಚಿಂಗ್ ಪುಡಿಯಿಂದ ತೊಳೆಯುತ್ತಾನೆ, ಸುಣ್ಣ ಉದುರಿಸುತ್ತಾನೆ, ಪರರನ್ನು ಹೊಸ್ತಿಲಲ್ಲೇ ನಿಲ್ಲಿಸುತ್ತಾನೆ. ಅವನ ಹಿತ್ತಿಲಿನ ಕೋಳಿಗಳಿಗೆ ಮಾತ್ರ ಈ ಮರ್ಯಾದೆ ಸಿಗುವುದು ಅಪರೂಪ!

ಸಾವು ಕಂಡ ದಿನವೇ ಪಶುವೈದ್ಯರಿಗೆ ತಿಳಿಸಬೇಕು. ಸರ್ಕಾರದ ಆಜ್ಞೆಯಂತೆ ಕೊಂದ ಹಕ್ಕಿಗಳಿಗೆ ಪರಿಹಾರಧನವುಂಟು. ವೈದ್ಯರು ಮಾದರಿಯನ್ನು ತೆಗೆದುಕೊಂಡ ಮೇಲೆ, ಬಾಯಿ ಮೂಗು ಮುಚ್ಚಿಕೊಂಡು, ಕೈಚೀಲ ತೊಟ್ಟು, ಸತ್ತವನ್ನು ಆಳವಾದ ಗುಂಡಿಯಲ್ಲಿ ಸುಣ್ಣದೊಡನೆ ಹೂಳಬೇಕು. ಗುಂಡಿಯು ಬಾವಿಗೆ ದೂರವಾಗಿರಬೇಕು.