ಕಿಲೋಗ್ರಾಮನ್ನು ತೂಗುವವರಾರು?

ಅಂಗಡಿಯವನ ತೂಕದ ಕಲ್ಲಿನಲ್ಲಿ ಸಂದೇಹ ಬಂದರೆ ಅದನ್ನು ಸರ್ಕಾರದ ಮುದ್ರೆಯುಳ್ಳ ಕಲ್ಲಿನೊಡನೆ ಹೋಲಿಸಬಹುದು. ಆ ಕಲ್ಲನ್ನು ಅದಕ್ಕೂ ಮೇಲಿನ ಪ್ರಮಾಣದೊಡನೆ ಹೋಲಿಸಬಹುದು. ಹೀಗೆ ಮೇಲೇರುತ್ತ ಹೋದರೆ, ಇನ್ನಾವುದರೊಡನೆಯೂ ಹೋಲಿಸಲಾಗದ ವಸ್ತುವೊಂದು ಕೊನೆಗೆ ಎದುರಾಗುತ್ತದೆಯಷ್ಟೆ. ಅದೇ ಸವೆದರೆ ಗತಿಯೇನು?

ಇದು ಬರಿಯ ತರ್ಕವಿನೋದವಲ್ಲ. ೧೮೮೯ರಿಂದ ೨೦೧೯ರವರೆಗೆ ಅಂತಹ ವಸ್ತುವೊಂದು ಪ್ಯಾರಿಸಿನ ಬಳಿಯ ಸೆವ್ರ್ ಎಂಬಲ್ಲಿ ಪ್ರಮಾಣವಾಗಿದ್ದಿತು. ಒಂಬತ್ತು ಪಾಲು ಪ್ಲಾಟಿನಮ್, ಒಂದು ಪಾಲು ಇರಿಡಿಯಮ್ ಬೆರೆಸಿ ಮಾಡಿದ ಸಿಲಿಂಡರು ಅದು. ಎತ್ತರವೂ ವ್ಯಾಸವೂ ಸುಮಾರು ೩೯ ಮಿಲಿಮೀಟರು. ಅದರ ದ್ರವ್ಯರಾಶಿಯನ್ನೇ ೧ ಕಿಲೋಗ್ರಾಮ್ ಎಂದು ನಿರೂಪಿಸಿದ್ದರು. ಸುಮಾರು ನೂರು ವರ್ಷಗಳ ತರುವಾಯ ಅದನ್ನು ಅದರ ಪ್ರತಿಗಳೊಡನೆ ತೂಗಿದಾಗ ಸರಾಸರಿ ೫೦ ಮೈಕ್ರೋಗ್ರಾಮಿನಷ್ಟು, ಎಂದರೆ ಒಂದು ಗ್ರಾಮಿನ ಇಪ್ಪತ್ತು ಸಾವಿರದ ಒಂದು ಪಾಲಿನಷ್ಟು, ವ್ಯತ್ಯಾಸ ಕಂಡಿತು. ಪ್ರತಿಗಳು ಹೆಚ್ಚಿದುವೋ, ಮೂಲವೇ ಕುಗ್ಗಿತೋ? ಹೇಳಲು ದಾರಿಯೇ ಇರಲಿಲ್ಲ. ನಿರೂಪಣೆಯಂತೆ ಮೂಲವು ಎಂದೆಂದಿಗೂ ೧ ಕಿಲೋಗ್ರಾಮೇ. ಅದು ಸವೆದಿದ್ದರೂ ವಿಶ್ವದ ಉಳಿದೆಲ್ಲ ವಸ್ತುಗಳೂ ಭಾರವಾದುವೆಂದೇ ಲೆಕ್ಕ ಬರೆಯಬೇಕಾಗಿತ್ತು!

ಈ ತೊಡಕಿಗೆ ಪರಿಹಾರವೇನು? ಮನುಷ್ಯನು ಮಾಡಿದ ವಸ್ತುವನ್ನು ಬಿಟ್ಟು ನಿಸರ್ಗದ ಸ್ಥಿರಾಂಕಗಳನ್ನು ಆಶ್ರಯಿಸುವುದು. ಮೀಟರಿನ ವಿಷಯದಲ್ಲಿ ೧೯೮೩ರಲ್ಲಿಯೇ ಹೀಗೆ ಮಾಡಿದ್ದರು. ನಿರ್ವಾತದಲ್ಲಿ ಬೆಳಕಿನ ವೇಗವು ಸೆಕೆಂಡಿಗೆ ಸರಿಯಾಗಿ ೨೯,೯೭,೯೨,೪೫೮ ಮೀಟರು ಎಂದು ಗೊತ್ತುಮಾಡಿ, ಅದರಿಂದ ಮೀಟರನ್ನು ಪಡೆದರು.

ಕಿಲೋಗ್ರಾಮಿಗೆ ಆಧಾರವಾದುದು ಪ್ಲಾಂಕನ ಸ್ಥಿರಾಂಕ. ಬೆಳಕಿನ ಕ್ವಾಂಟಮ್ ಒಂದರ ಶಕ್ತಿಯನ್ನು ಅದರ ಆವೃತ್ತಿಯಿಂದ ಭಾಗಿಸಿದರೆ, ಬೆಳಕು ಯಾವ ಬಣ್ಣದ್ದಾದರೂ ಬರುವ ಬೆಲೆ ಇದೊಂದೇ. ೬.೬೨೬೦೭೦೧೫ನ್ನು ೧೦ರಿಂದ ೩೪ ಸಲ ಭಾಗಿಸಿದಷ್ಟು ಜೂಲ್-ಸೆಕೆಂಡು ಎಂದು ಇದನ್ನು ನಿಗದಿಪಡಿಸಿದರು. ಜೂಲ್-ಸೆಕೆಂಡನ್ನು ಬಿಡಿಸಿದರೆ ಅದರಲ್ಲಿ ಕಿಲೋಗ್ರಾಮ್, ಮೀಟರು, ಸೆಕೆಂಡು ಮೂರೂ ದೊರೆಯುತ್ತವೆ. ಮೀಟರು, ಸೆಕೆಂಡು ಮೊದಲೇ ಗೊತ್ತಾಗಿರುವುದರಿಂದ ಕಿಲೋಗ್ರಾಮ್ ತಾನಾಗಿ ಗೊತ್ತಾಗುತ್ತದೆ. ೨೦೧೮ರ ನವೆಂಬರ್ ೧೬ರಂದು ವರ್ಸೇಲ್ಸಿನಲ್ಲಿ ಸೇರಿದ ರಾಷ್ಟ್ರಗಳ ಪ್ರತಿನಿಧಿಗಳು ಇದನ್ನು ಒಪ್ಪಿದರು. ೨೦೧೯ರ ಮೇ ೨೦ರಿಂದ ಇದು ಜಾರಿಗೆ ಬಂದಿತು.

ಕಾರ್ಯತಃ ಇದನ್ನು ಸಾಧಿಸುವ ಸಾಧನಗಳಲ್ಲಿ ಒಂದು ಕಿಬಲ್ ತಕ್ಕಡಿ. ಇದರಲ್ಲಿ ವಸ್ತುವಿನ ಭಾರವನ್ನು, ಕಾಂತಕ್ಷೇತ್ರದಲ್ಲಿರುವ ತಂತಿಸುರುಳಿಯ ವಿದ್ಯುದ್ಬಲದಿಂದ ಸರಿದೂಗಿಸುತ್ತಾರೆ. ಆ ವಿದ್ಯುತ್ತನ್ನು ಅಳೆಯುವ ಕ್ವಾಂಟಮ್ ವಿಧಾನಗಳಲ್ಲಿ ಪ್ಲಾಂಕನ ಸ್ಥಿರಾಂಕವು ಬಂದು ಸೇರುತ್ತದೆ. ತಕ್ಕ ಉಪಕರಣಗಳುಳ್ಳ ಯಾವ ಪ್ರಯೋಗಾಲಯವಾದರೂ ಈಗ ತಾನಿದ್ದಲ್ಲಿಯೇ ಕಿಲೋಗ್ರಾಮನ್ನು ಪಡೆಯಬಹುದು.

ಹಳೆಯ ಸಿಲಿಂಡರು ಇನ್ನೂ ಸೆವ್ರ್‌ನಲ್ಲಿಯೇ ಇದೆ. ಆದರೆ ಅದರ ದ್ರವ್ಯರಾಶಿ ಎಷ್ಟೆಂದು ತಿಳಿಯಲು ಈಗ ಅದನ್ನೂ ತೂಗಿಯೇ ನೋಡಬೇಕು.