ಮಿಷನರಿಯ ಮಗ ಫೀಲಿಕ್ಸ್ ಕೇರಿ

ಧರ್ಮಪ್ರಸಾರಕ್ಕಾಗಿ ಪರದೇಶಗಳಿಗೆ ಹೋದ ಪಾದ್ರಿಗಳ ಚರಿತ್ರೆಗಳು ಬೇಕಾದಷ್ಟಿವೆ. ಅವರ ಜೊತೆಗೆ ಹೋದ ಮಕ್ಕಳ ಸಂಗತಿ ಮಾತ್ರ ಅವುಗಳಲ್ಲಿ ಒಂದೆರಡು ವಾಕ್ಯಗಳಿಗೆ ಮುಗಿದುಹೋಗುತ್ತದೆ. ಪಾದ್ರಿ ತಾನಾಗಿ ಹೊರಟವನು. ಮಗು ಹಾಗಲ್ಲ, ಅದನ್ನು ಕರೆದೊಯ್ದದ್ದು. ಈ ಅಂತರ ಎಷ್ಟು ದೊಡ್ಡದೆಂಬುದನ್ನು ವಿಲಿಯಂ ಕೇರಿಯ ಹಿರಿಯ ಮಗ ಫೀಲಿಕ್ಸನ ಬಾಳಿನಲ್ಲಿ ಕಾಣಬಹುದು.

ವಿಲಿಯಂ ಕೇರಿ ಇಂಗ್ಲೆಂಡಿನ ನಾರ್ಥಾಂಪ್ಟನ್ ಪ್ರಾಂತದವನು. ಜೋಡು ಹೊಲಿಯುತ್ತಲೇ ಲ್ಯಾಟಿನ್, ಗ್ರೀಕ್, ಹೀಬ್ರೂ ಕಲಿತವನು. ಮನೆಯಲ್ಲಿ ಮೊದಲಿಗರಾಗಿ ಕಾಲೇಜಿನ ಮೆಟ್ಟಿಲು ಹತ್ತಿದ ನಮ್ಮಂಥವರ ಮನಸ್ಸು ಆತನ ಕಡೆಗೆ ಒಲಿಯುವುದು ಸಹಜ. ಆದರೆ ನಾನು ಹೇಳಹೊರಟಿರುವುದು ತಂದೆಯ ಕಥೆಯನ್ನಲ್ಲ.

1793ರಲ್ಲಿ ಕೇರಿ ಬಂಗಾಳಕ್ಕೆ ಹೊರಟಾಗ ಪತ್ನಿ ಡೊರೊಥಿ ಒಪ್ಪಲಿಲ್ಲ. ಫೀಲಿಕ್ಸನೊಬ್ಬನನ್ನೇ ಕರೆದುಕೊಂಡು ಹೋಗುವುದೆಂದು ಆತ ನಿಶ್ಚಯಿಸಿದ. ಪ್ರಯಾಣ ತಡವಾಗಿ, ಆ ನಡುವೆ ಆಕೆಯ ಮನವೊಲಿಸಿ ಎಲ್ಲರನ್ನೂ ಹಡಗು ಹತ್ತಿಸಿದ್ದಾಯಿತು. ಆಗ ಫೀಲಿಕ್ಸನಿಗೆ ಏಳೆಂಟು ವರ್ಷ. ಮರುವರ್ಷವೇ ಐದು ವರ್ಷದ ತಮ್ಮ ಪೀಟರ್ ಜ್ವರಾತಿಸಾರಗಳಿಂದ ಸತ್ತ. ತಾಯಿಯ ಚಿತ್ತ ಕದಡಿತು. 1807ರಲ್ಲಿ ಸಾಯುವವರೆಗೂ ಅದು ತಿಳಿಯಾಗಲಿಲ್ಲ.

1800ರ ಜನವರಿಯಲ್ಲಿ ಸಂಸಾರ ಶ್ರೀರಾಮಪುರಕ್ಕೆ ಬಂದಿತು. ಈಸ್ಟ್ ಇಂಡಿಯಾ ಕಂಪನಿಗೆ ಪಾದ್ರಿಗಳು ಬೇಡವಾಗಿದ್ದರು. ಆ ಊರು ಡೇನರ ವಶದಲ್ಲಿದ್ದುದರಿಂದ ಅಲ್ಲಿ ಆಶ್ರಯ ಸಿಕ್ಕಿತು. ಫೀಲಿಕ್ಸ್ ಆಗ ಯಾರ ಅಂಕೆಗೂ ಸಿಗದ ಹುಡುಗ. ತಂದೆಗೆ ಭಾಷಾಂತರದ ಕೆಲಸ, ತಾಯಿಗೆ ಮಗನ ಪರಿವೆಯಿಲ್ಲ. ಮುದ್ರಕ ವಿಲಿಯಂ ವಾರ್ಡ್ ಅವನನ್ನು ಹತ್ತಿರ ಸೇರಿಸಿಕೊಂಡು ಅಚ್ಚಿನ ಕೆಲಸಕ್ಕೆ ಹಚ್ಚಿದ. ಮೊಳೆ ಜೋಡಿಸುವುದು, ಶಾಯಿ ಹಚ್ಚುವುದು, ಹಾಳೆ ಒತ್ತುವುದು, ಮತ್ತೆ ಮೊಳೆ ಬಿಚ್ಚುವುದು! ಬೈದು ಬುದ್ಧಿ ಹೇಳುವುದಕ್ಕಿಂತ ಇದು ಹೆಚ್ಚು ಫಲ ಕೊಟ್ಟಿತೆಂದೇ ನನ್ನ ಎಣಿಕೆ. 1801ರಲ್ಲಿ ಹೊರಬಂದ ಬಂಗಾಳಿ ಹೊಸ ಒಡಂಬಡಿಕೆಯ ಹಿಂದೆ ಈ ಬಾಲಕನ ಕೈಕೆಲಸವೂ ಇದೆ. ಹಿರಿಯರು ವ್ಯಾಕರಣ ಹಿಡಿದು ಕಲಿತ ಬಂಗಾಳಿ ಅವನಿಗೆ ಬಾಲ್ಯದ ಭಾಷೆ. ಹದಿನೈದು ಹದಿನಾರರಲ್ಲೇ ಅದರಲ್ಲಿ ಉಪದೇಶ ಮಾಡತೊಡಗಿದ.

1800ರ ಡಿಸೆಂಬರ್ 28ರಂದು ಕೇರಿ ತನ್ನ ಮಗನಿಗೂ ಬಡಗಿ ಕೃಷ್ಣಪಾಲನಿಗೂ ಹೂಗ್ಲಿಯ ನೀರಿನಲ್ಲಿ ದೀಕ್ಷಾಸ್ನಾನ ಮಾಡಿಸಿದ. ದಡದಲ್ಲಿ ನಿಂತಿದ್ದ ಡೇನಿಷ್ ಗವರ್ನರನ ಕಣ್ಣಲ್ಲಿ ನೀರು ಬಂದಿತಂತೆ. ಅದೇ ದಿನ ಡೊರೊಥಿ ಬುದ್ಧಿಭ್ರಮೆಯಿಂದ ಒಂದು ಕೋಣೆಯಲ್ಲಿ ಬಂಧಿತಳಾಗಿದ್ದಳು. ತಂದೆಗೆ ಅದು ಏಳು ವರ್ಷ ಕಾದು ಪಡೆದ ಗೆಲವು. ನದಿಗಿಳಿದ ಹದಿನೈದರ ಹುಡುಗನ ಮನಸ್ಸು ಯಾವ ಕಡೆಗಿದ್ದಿತು? ಮಿಷನ್ನಿನ ಚರಿತ್ರೆಗಳು ಹೊಳೆಯ ಕಡೆಗೇ ಮುಖಮಾಡಿ ನಿಲ್ಲುತ್ತವೆ.

1807ರಲ್ಲಿ ಆತ ಬರ್ಮಾಕ್ಕೆ ಹೋಗಿ, ಸಿಡುಬಿನ ಲಸಿಕೆ ಹಾಕಿ ಅಲ್ಲಿನ ದೊರೆಯ ಪ್ರೀತಿಗೆ ಪಾತ್ರನಾದ. 1814ರಲ್ಲಿ ಐರಾವತಿ ನದಿಯಲ್ಲಿ ಹಡಗು ಮಗುಚಿ ಹೆಂಡತಿ ಮಕ್ಕಳು ನೀರುಪಾಲಾದರು. ಆಮೇಲೆ ಬರ್ಮಾ ದೊರೆಯ ರಾಯಭಾರಿಯಾಗಿ ಕಲ್ಕತ್ತೆಗೆ ಬಂದ. ಮಗ ಮಿಷನರಿಯಿಂದ ರಾಯಭಾರಿಯ ಮಟ್ಟಕ್ಕೆ ಕುಗ್ಗಿದನೆಂದು ತಂದೆ ನೊಂದುಕೊಂಡ. ಆ ಕೊರಗು ನನಗೆ ಕಟುವಾಗಿ ತೋರುತ್ತದೆ. ಆ ಕೆಲಸವೂ ಹೋಗಿ ಫೀಲಿಕ್ಸ್ ಅಲೆದಾಡಿದ. ತಂದೆಯ ಕನ್ನಡ ವ್ಯಾಕರಣ 1817ರಲ್ಲಿ ಶ್ರೀರಾಮಪುರದಲ್ಲಿ ಪ್ರಕಟವಾದಾಗ ಮಗ ಆ ಊರಲ್ಲಿರಲಿಲ್ಲ. ಮರುವರ್ಷ ಅವನನ್ನು ಕರೆತಂದವನು ಅದೇ ವಾರ್ಡ್.

ಹಿಂತಿರುಗಿದ ಮೇಲೆ ಫೀಲಿಕ್ಸ್ ‘ವಿದ್ಯಾಹಾರಾವಳಿ’ ಎಂಬ ಬಂಗಾಳಿ ವಿಶ್ವಕೋಶಕ್ಕೆ ಕೈಹಾಕಿ, ಮೊದಲಿಗೆ ಶರೀರಶಾಸ್ತ್ರದ ಭಾಗವನ್ನು ರಚಿಸಿದ. 1822ರ ನವೆಂಬರಿನಲ್ಲಿ ತೀರಿಕೊಂಡಾಗ ಅವನಿಗೆ ನಲವತ್ತು ತುಂಬಿರಲಿಲ್ಲ. ತಂದೆ ಇನ್ನೂ ಹನ್ನೆರಡು ವರ್ಷ ಬದುಕಿದ್ದ.