ತಂಟೆ ಮಾಡದ ಮಗುವನ್ನು ನೋಡುವವರು ಯಾರು?

ತರಗತಿಯಲ್ಲಿ ಎರಡು ಬಗೆಯ ಮಕ್ಕಳು ಬೇಗ ಕಣ್ಣಿಗೆ ಬೀಳುತ್ತಾರೆ: ಹೆಚ್ಚು ಅಂಕ ತೆಗೆಯುವವರು ಮತ್ತು ತಂಟೆ ಮಾಡುವವರು. ನಡುವಿನ ಬೆಂಚಿನಲ್ಲಿ ಕುಳಿತು ಸದ್ದಿಲ್ಲದೆ ಮನೆಗೆ ಮರಳುವ ಹುಡುಗಿಯ ಹೆಸರು ಟೀಚರಿಗೂ ತಟ್ಟನೆ ನೆನಪಾಗುವುದಿಲ್ಲ. ಮನೆಯಲ್ಲೂ ಹಾಗೆಯೇ. ಹಠಮಾರಿ ತಮ್ಮನಿಗೆ ಬೈಗುಳ, ಗಲ್ಫಿನಲ್ಲಿರುವ ಅಣ್ಣನ ಫೋನಿಗೆ ಕಾತರ, ಕಾಯಿಲೆಯ ಅಜ್ಜಿಗೆ ಆರೈಕೆ. ‘ಇವಳದ್ದೇನೂ ತೊಂದರೆ ಇಲ್ಲ’ ಎಂದು ಹೊಗಳಿ ನಾವು ಅವಳನ್ನು ಮರೆತುಬಿಡುತ್ತೇವೆ.

ನಮ್ಮ ಗಡಿನಾಡಿನಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. 1956ರಲ್ಲಿ ಕೇರಳಕ್ಕೆ ಸೇರಿದ ಕಾಸರಗೋಡು, ಮಂಜೇಶ್ವರ ಕಡೆಯ ಅನೇಕ ಮಕ್ಕಳು ಹತ್ತನೆಯವರೆಗೆ ಕನ್ನಡ ಮಾಧ್ಯಮದಲ್ಲಿ ಕಲಿಯುತ್ತಾರೆ. ಪ್ಲಸ್ ವನ್‌ಗೆ ಹೋದಾಗ ಪಾಠ ಇಂಗ್ಲಿಷಿನಲ್ಲಿ, ಗೆಳತಿಯರ ತಮಾಷೆ ಹಲವೆಡೆ ಮಲಯಾಳದಲ್ಲಿ. ಅರ್ಥವಾಗದಿದ್ದರೂ ಎಲ್ಲರೊಂದಿಗೆ ನಗುವವಳು ಕ್ರಮೇಣ ಮಾತನ್ನೇ ಕಡಿಮೆ ಮಾಡುತ್ತಾಳೆ. ಅದನ್ನು ನಾವು ಅಹಂಕಾರವೆಂದೋ ದಡ್ಡತನವೆಂದೋ ತಿಳಿಯುತ್ತೇವೆ.

‘ನಾನು ಯಾರು?’ ಎಂಬ ಪ್ರಶ್ನೆ ಹದಿಹರೆಯದ ಮುಖ್ಯ ಹೋರಾಟವೆಂದು ಮನಶ್ಶಾಸ್ತ್ರಜ್ಞ ಎರಿಕ್ ಎರಿಕ್ಸನ್ 1950ರ ದಶಕದಲ್ಲೇ ವಿವರಿಸಿದ್ದರು. ತನ್ನನ್ನು ಯಾರೂ ಗಮನಿಸದಿದ್ದರೆ ಆ ಪ್ರಶ್ನೆಗೆ ‘ಯಾರೂ ಅಲ್ಲ’ ಎಂಬ ಉತ್ತರವನ್ನು ಮಗು ತಾನೇ ಕೊಟ್ಟುಕೊಳ್ಳುತ್ತದೆ.

ಹೆತ್ತವರೇ, ‘ಊಟ ಆಯಿತಾ? ಮಾರ್ಕು ಎಷ್ಟು?’ ಎಂಬುದಕ್ಕೆ ಒಂದೇ ಪದದ ಉತ್ತರ ಸಾಕು. ‘ಇವತ್ತು ಯಾರ ಜೊತೆ ಕುಳಿತು ಊಟ ಮಾಡಿದೆ?’ ಎಂದು ಕೇಳಿ. ಮೊಬೈಲ್ ಕೆಳಗಿಟ್ಟು ಉತ್ತರಕ್ಕೆ ಕಾಯಿರಿ. ಆಗಲೇ ಉಪದೇಶ ಶುರು ಮಾಡಬೇಡಿ, ಪಕ್ಕದ ಮನೆಯ ಮಗುವಿಗೆ ಹೋಲಿಸಬೇಡಿ. ಹಬ್ಬದ ಖರ್ಚಿನ ಲೆಕ್ಕ, ಅಜ್ಜಿಯ ಮದ್ದಿನ ಹೊತ್ತು ನೋಡುವುದು, ಇಂಥ ಒಂದು ನಿಜವಾದ ಜವಾಬ್ದಾರಿ ಕೊಡಿ. ತನ್ನಿಂದ ಮನೆಗೆ ಉಪಯೋಗವಿದೆ ಎಂದು ಅವಳಿಗೆ ತಿಳಿಯಲಿ.

ಎರಡು ವಾರ ಕಳೆದರೂ ನಿದ್ದೆ, ಊಟ, ಇಷ್ಟದ ಆಟ ಯಾವುದೂ ಬೇಡವೆಂದರೆ, ‘ನಾನಿಲ್ಲದಿದ್ದರೆ ಯಾರಿಗೇನು?’ ಎಂಬ ಮಾತು ಒಮ್ಮೆಯಾದರೂ ಬಂದರೆ ತಡಮಾಡಬೇಡಿ. ಕೇರಳದ ಹೈಯರ್ ಸೆಕೆಂಡರಿ ಶಾಲೆಗಳ ಸೌಹೃದ ಕ್ಲಬ್‌ನ ಶಿಕ್ಷಕರನ್ನು ಕಾಣಿರಿ. 2022ರಲ್ಲಿ ಆರಂಭವಾದ ಸರಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲೂ ರಾತ್ರಿಯೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೂ ಮಾತನಾಡಬಹುದು.

ಇದನ್ನು ಓದುತ್ತಿರುವ ಮಕ್ಕಳೇ, ಅಮ್ಮನೋ ಚಿಕ್ಕಮ್ಮನೋ ಟೀಚರೋ, ನಂಬಿಕೆಯ ಒಬ್ಬರ ಬಳಿ ‘ಹತ್ತು ನಿಮಿಷ ನನ್ನ ಮಾತು ಕೇಳುತ್ತೀರಾ?’ ಎಂದು ಕೇಳಿ. ನಿಮ್ಮ ಬೆಂಚಿನ ಆಚೆ ತುದಿಯಲ್ಲೂ ಒಬ್ಬರು ಹೀಗೆಯೇ ಸುಮ್ಮನೆ ಕುಳಿತಿರಬಹುದು. ನಾಳೆ ಅವರನ್ನು ಹೆಸರು ಹಿಡಿದು ಕರೆಯಿರಿ.